ಮೂವರಿಗೂ ಅಡ್ಮಿನ್ ಕೊಡಬೇಡ್ರಿ, ಒಂದು ಗ್ರೂಪ್ ಮಾಡ್ರಿ

ಬ್ಯಾಡಗಿಯ ನಿಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಉಬುಂಟು (ಲಿನಕ್ಸ್ ಬಗೆಯ ಒಂದು ಆಪರೇಟಿಂಗ್ ಸಿಸ್ಟಮ್) ಇರುವ ಒಂದೇ ಕಂಪ್ಯೂಟರ್. ಕೂರುವವರು ಮೂವರು: ನೀವು, ನಿಮ್ಮ ತಮ್ಮ, ಗುಮಾಸ್ತರು. ಬೇರೆ ಬೇರೆ ಅಕೌಂಟ್ ಮಾಡಿದ ಮೇಲೆ ಗುಮಾಸ್ತರು ಸೇವ್ ಮಾಡಿದ ಲೆಕ್ಕದ ಶೀಟು ನಿಮಗೆ ತೆರೆಯುತ್ತಿಲ್ಲ. ಮೂವರನ್ನೂ ಅಡ್ಮಿನ್ ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ.

ಇಲ್ಲರಿ, ಹೋಗುವುದಿಲ್ಲ. ಗ್ರೂಪ್ ಅಂದರೆ ಒಂದೇ ಹಕ್ಕು ಹಂಚಿಕೊಳ್ಳುವ ಅಕೌಂಟ್‌ಗಳ ಗುಂಪು. ಉಬುಂಟುವಿನಲ್ಲಿ ಅಡ್ಮಿನ್ ಅಂದರೆ ‘ಸುಡೊ’ ಎಂಬ ಗ್ರೂಪಿನ ಸದಸ್ಯ. ಪಾಸ್‌ವರ್ಡ್ ಕೊಟ್ಟು ಕೇಳಿದಾಗ ಮಾತ್ರ ದೊಡ್ಡ ಅಧಿಕಾರ ಸಿಗುತ್ತದೆ. ಶೀಟು ತೆರೆಯುವ ಲಿಬ್ರೆಆಫೀಸಿನಲ್ಲಿ ಫೈಲ್ ತೆರೆಯುವಾಗ ಅಡ್ಮಿನ್ ಕೂಡ ಉಳಿದವರಂತೆಯೇ. ಹೀಗಾಗಿ ಶೀಟು ಆಗಲೂ ತೆರೆಯುವುದಿಲ್ಲ, ಆದರೆ ಇಡೀ ಕಂಪ್ಯೂಟರಿನ ಕೀಲಿ ಮೂರು ಕೈಗೆ ಹೋಗಿರುತ್ತದೆ. ಹಾಗಂತ ಹಳೆಯ ಒಂದೇ ಲಾಗಿನ್‌ಗೂ ಮರಳಬೇಡ್ರಿ. ಬೇರೆ ಅಕೌಂಟ್ ಮಾಡಿದ್ದು ಒಳ್ಳೆಯ ಕೆಲಸ. ಯಾವ ಶೀಟು ಯಾರು ಮಾಡಿದ್ದು ಅಂತ ಈಗಲಾದರೂ ತಿಳಿಯುತ್ತದೆ.

ಶೀಟು ತೆರೆಯದಿರುವುದಕ್ಕೆ ಕಾರಣ ಇದು. 21.04 ಆವೃತ್ತಿಯಿಂದ ಉಬುಂಟು ಪ್ರತಿಯೊಬ್ಬರ ಹೋಮ್ ಫೋಲ್ಡರನ್ನು (ಅವರ ಸ್ವಂತ ಫೈಲುಗಳಿರುವ ಜಾಗ) ಬೇರೆಯವರಿಗೆ ಮುಚ್ಚಿಯೇ ಇಡುತ್ತದೆ. ಅದನ್ನು ಹಾಗೇ ಬಿಡ್ರಿ. ಮೂವರಿಗೂ ಬೇಕಾದ ಲೆಕ್ಕ ಯಾರ ಮನೆಯಲ್ಲೂ ಇರಬಾರದು, ಅಂಗಡಿಯ ಗಲ್ಲೆಯಲ್ಲಿರಬೇಕು.

ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸೇರಿಸಬಹುದು, ಅಡ್ಮಿನ್ ಹೌದೋ ಅಲ್ಲವೋ ಆರಿಸಬಹುದು. ಗ್ರೂಪ್ ಮಾಡಲು ಅಲ್ಲಿ ಜಾಗವಿಲ್ಲ, ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ಗೇ ಹೋಗಬೇಕು. ಮುಂದಿನ ಪ್ರತಿ ಆಜ್ಞೆಯ ಮೊದಲು ‘ಸುಡೊ’ ಹಾಕ್ರಿ. ‘ಆ್ಯಡ್‌ಗ್ರೂಪ್’ ಆಜ್ಞೆಯಿಂದ ‘ಲೆಕ್ಕ’ ಅಂತ ಒಂದು ಗ್ರೂಪ್ ಮಾಡ್ರಿ (ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಲಿ). ‘ಆ್ಯಡ್‌ಯೂಸರ್’ ಎಂದು ಬರೆದು, ಒಬ್ಬರ ಹೆಸರು, ಅದರ ಮುಂದೆ ಗ್ರೂಪಿನ ಹೆಸರು. ಮೂವರಿಗೂ ಒಂದೊಂದು ಸಲ.

ಇದಕ್ಕೆ ‘ಯೂಸರ್‌ಮಾಡ್’ ಎಂಬ ಆಜ್ಞೆ ಬಳಸಿ ಅಂತ ಎಷ್ಟೋ ಕಡೆ ಓದುತ್ತೀರಿ. ಬೇಡ ಅನ್ನುವುದಕ್ಕೆ ನನ್ನದೇ ಕಾರಣವಿದೆ. ಗದಗಿನ ಒಂದು ಮುದ್ರಣಾಲಯದ ಕಂಪ್ಯೂಟರ್ ನಾನು ನೋಡಿಕೊಳ್ಳುತ್ತೇನೆ. ಮಾಲೀಕರನ್ನು ಹೊಸ ಗ್ರೂಪಿಗೆ ಸೇರಿಸುವಾಗ ದೊಡ್ಡ ‘ಜಿ’ ಹಾಕಿದೆ, ಅದರ ಹಿಂದೆ ಸಣ್ಣ ‘ಎ’ ಬಿಟ್ಟೆ. ಆ ‘ಎ’ ಇದ್ದರೆ ಹಳೆಯ ಗ್ರೂಪುಗಳ ಜೊತೆಗೆ ಹೊಸದು ಸೇರುತ್ತದೆ, ಇಲ್ಲದಿದ್ದರೆ ಅವರ ಸ್ವಂತ ಗ್ರೂಪ್ ಬಿಟ್ಟು ಹಳೆಯವೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ಅಲ್ಲಿ ಅಡ್ಮಿನ್ ಇದ್ದವರು ಅವರೊಬ್ಬರೇ. ಮರುದಿನ ಲಗ್ನಪತ್ರಿಕೆ ಕೆಲಸಕ್ಕೆ ಹೊಸ ಪ್ರಿಂಟರ್ ಕೂರಿಸಲು ಹೋದರೆ, ಪಾಸ್‌ವರ್ಡ್ ಸರಿ ಇದ್ದರೂ ಕಂಪ್ಯೂಟರ್ ಒಪ್ಪಲಿಲ್ಲ. ರಿಕವರಿ ಮೋಡ್‌ನಲ್ಲಿ ಬೂಟ್ ಮಾಡಿ, ರೂಟ್ (ಪೂರ್ತಿ ಅಧಿಕಾರದ ಅಕೌಂಟ್) ಆಗಿ ಒಳಗೆ ಹೋಗಿ, ಅವರನ್ನು ಮತ್ತೆ ಸುಡೊ ಗ್ರೂಪಿಗೆ ಸೇರಿಸಬೇಕಾಯಿತು. ಗ್ರಾಹಕರು ಎದುರಿಗೇ ಕೂತಿದ್ದರು. ‘ಆ್ಯಡ್‌ಯೂಸರ್’ನಲ್ಲಿ ಈ ಅಪಾಯವೇ ಇಲ್ಲ.

ಈಗ ಗಲ್ಲೆ. ಎಲ್ಲ ಫೋಲ್ಡರುಗಳಿಗೂ ಮೂಲವಾದ ಫೋಲ್ಡರಿನ (/) ಅಡಿಯ ‘ಎಸ್‌ಆರ್‌ವಿ’ ಫೋಲ್ಡರಿನೊಳಗೆ ಅಂಗಡಿಯದೊಂದು ಫೋಲ್ಡರ್ ಮಾಡಿ, ‘ಸಿಎಚ್‌ಜಿಆರ್‌ಪಿ’ ಆಜ್ಞೆಯಿಂದ ಅದನ್ನು ಲೆಕ್ಕ ಗ್ರೂಪಿಗೆ ಕೊಟ್ಟು, ‘ಸಿಎಚ್‌ಮಾಡ್’ನಿಂದ 2770 ಹಾಕ್ರಿ. ಎರಡು ಏಳು ಅಂದರೆ ಒಡೆಯನಿಗೂ ಗ್ರೂಪಿಗೂ ಪೂರ್ತಿ ಹಕ್ಕು, ಸೊನ್ನೆ ಅಂದರೆ ಉಳಿದವರಿಗೆ ಏನೂ ಇಲ್ಲ. ಮೊದಲಿನ 2 ಬಿಟ್ಟರೆ ನಿಮ್ಮ ಸಮಸ್ಯೆ ಹಾಗೇ ಉಳಿಯುತ್ತದೆ. ಉಬುಂಟುವಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಸ್ವಂತ ಗ್ರೂಪ್ ಒಂದಿರುತ್ತದೆ, ಅವರು ಮಾಡುವ ಫೈಲ್ ಅದಕ್ಕೇ ಸೇರುತ್ತದೆ. ಆ 2 ಇದ್ದರೆ ಫೋಲ್ಡರಿನೊಳಗೆ ಹುಟ್ಟುವ ಫೈಲು ಫೋಲ್ಡರಿನ ಗ್ರೂಪಿಗೆ ಸೇರುತ್ತದೆ. ಗ್ರೂಪಿಗೆ ಬರೆಯುವ ಹಕ್ಕು ಪ್ರತಿ ಸಲವೂ ಸಿಗುವಂತೆ ‘ಸೆಟ್‌ಎಫ್‌ಎಸಿಎಲ್’ ಆಜ್ಞೆಯಿಂದ ಆ ಫೋಲ್ಡರಿಗೆ ಡೀಫಾಲ್ಟ್ ಹಕ್ಕನ್ನೂ ಬರೆದಿಡ್ರಿ.

ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಹಳೆಯ ಶೀಟುಗಳನ್ನು ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಅವು ಹಳೆಯ ಗ್ರೂಪನ್ನೇ ಹೊತ್ತು ಬರುತ್ತವೆ. ತಂದ ಮೇಲೆ ಫೋಲ್ಡರಿನ ಒಳಗಿನ ಎಲ್ಲಕ್ಕೂ ಒಮ್ಮೆ ಗ್ರೂಪ್ ಬದಲಿಸಿ, ಗ್ರೂಪಿಗೆ ಓದುವ, ಬರೆಯುವ ಹಕ್ಕು ಕೊಡ್ರಿ. ಆಮೇಲೆ ಮೂವರೂ ಲಾಗ್‌ಔಟ್ ಆಗಿ ಮತ್ತೆ ಬರಬೇಕು, ಯಾರು ಯಾವ ಗ್ರೂಪಿನಲ್ಲಿದ್ದಾರೆ ಅಂತ ಕಂಪ್ಯೂಟರ್ ನೋಡುವುದು ಲಾಗಿನ್ ಆಗುವಾಗ. ಪರೀಕ್ಷಿಸಲು ಟರ್ಮಿನಲ್‌ನಲ್ಲಿ ‘ಸುಡೊ’ ಇಲ್ಲದೆ ಬರೀ ‘ಐಡಿ’ ಅಂತ ಹೊಡೆಯಿರಿ. ಜೊತೆಗೆ ಹೆಸರು ಹಾಕಿದರೆ ಅದು ಕಡತದಲ್ಲಿರುವುದನ್ನು ಹೇಳುತ್ತದೆ, ಈಗ ನಡೆದಿರುವ ಲಾಗಿನ್‌ನದ್ದನ್ನಲ್ಲ.

ಟೆಂಡರ್ ದಿನ ಗದ್ದಲದಲ್ಲಿ ಒಬ್ಬರು ಶೀಟು ತೆರೆದಿಟ್ಟು ಎದ್ದುಹೋಗಿ, ಇನ್ನೊಬ್ಬರು ‘ಸ್ವಿಚ್ ಯೂಸರ್’ ಮಾಡಿ ಕೂತರೆ, ಫೈಲ್ ಇಂಥವರ ಬಳಿ ಲಾಕ್ ಆಗಿದೆ ಅಂತ ಲಿಬ್ರೆಆಫೀಸ್ ಹೇಳುತ್ತದೆ. ಅದು ಗ್ರೂಪಿನ ದೋಷವಲ್ಲ. ಮುಚ್ಚಿ ಏಳುವ ರೂಢಿ ಮಾಡಿಕೊಳ್ರಿ. ಗ್ರೂಪಿನಲ್ಲಿದ್ದವರು ಫೈಲ್ ಅಳಿಸಲೂಬಹುದು, ಆದ್ದರಿಂದ ದಿನಾ ಸಂಜೆ ಪೆನ್‌ಡ್ರೈವ್‌ಗೆ ಒಂದು ಪ್ರತಿ.

ನೀವು ಕೇಳದ ಒಂದು ಮಾತು. ಗುಮಾಸ್ತರು ಮುಂದೆ ಕೆಲಸ ಬಿಟ್ಟರೆ ಅವರ ಅಕೌಂಟ್ ಅಳಿಸಬೇಡ್ರಿ. ಕಂಪ್ಯೂಟರಿಗೆ ಗೊತ್ತಿರುವುದು ಹೆಸರಲ್ಲ, ಸಂಖ್ಯೆ: 1000ದಿಂದ ಶುರುವಾಗಿ ಒಬ್ಬೊಬ್ಬರಿಗೆ ಒಂದೊಂದು. 1002 ಅಳಿಸಿದರೆ ‘ಆ್ಯಡ್‌ಯೂಸರ್’ ಮುಂದೆ ಬರುವವರಿಗೆ ಅದೇ 1002 ಕೊಡಬಹುದು, ಹಳಬರ ಫೈಲುಗಳೆಲ್ಲ ಹೊಸಬರ ಹೆಸರಿಗೆ ಕಾಣುತ್ತವೆ. ಯಾರು ಬರೆದ ಪಟ್ಟಿ ಅಂತ ರೈತರೊಬ್ಬರು ಬಂದು ಕೇಳಿದರೆ ತಪ್ಪು ಹೆಸರು ಹೇಳುತ್ತೀರಿ. ‘ಪಾಸ್‌ಡಬ್ಲ್ಯೂಡಿ’ ಆಜ್ಞೆಗೆ ಸಣ್ಣ ‘ಎಲ್’ ಹಾಕಿ ಅಕೌಂಟಿಗೆ ಬೀಗ ಜಡಿದರೆ ಸಾಕು.