ಒಪ್ಪಿಗೆಯಾಗದ ಅಂಕಣಕಾರರನ್ನು ಓದಿ ಏನು ಸಿಗುತ್ತದೆ?

ಖಡಾಖಂಡಿತವಾಗಿ ಅಭಿಪ್ರಾಯ ಹೇಳುವ, ನಮ್ಮ ನಿಲುವಿಗೆ ಹೆಚ್ಚಾಗಿ ವಿರುದ್ಧವಾಗಿಯೇ ಬರೆಯುವ ಅಂಕಣಕಾರರನ್ನು ಓದುವುದರಿಂದ ತಲೆ ಬಿಸಿಯಾಗುವುದನ್ನು ಬಿಟ್ಟರೆ ಬೇರೇನು ಲಾಭ ಎಂದು ತಾವು ಕೇಳಿದ್ದೀರಿ. ನಾನು ಕೋಲಾರ ತಾಲ್ಲೂಕಿನ ರೈತ. ಅಂಥವರನ್ನು ಬಹಳ ಕಾಲದಿಂದ ಓದುತ್ತಿದ್ದೇನೆ. ಲಾಭವಿದೆ, ಆದರೆ ಎಲ್ಲರಿಂದಲೂ ಇಲ್ಲ. ತನ್ನ ತೀರ್ಮಾನಕ್ಕೆ ಯಾವ ದಾರಿಯಲ್ಲಿ ಬಂದೆ ಎಂಬುದನ್ನು ಮುಚ್ಚಿಡದ ವಿರೋಧಿಯಿಂದ ಮಾತ್ರ ಅದು ಸಿಗುತ್ತದೆ.

ನಮ್ಮ ಜಿಲ್ಲೆಯ ಕೆ.ಸಿ. ವ್ಯಾಲಿ ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆಸಿದರೂ ನೀರು ಬರುವ ಭರವಸೆಯಿಲ್ಲದ ಈ ಸೀಮೆಗೆ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ಪಂಪ್ ಮಾಡಿ ತಂದು ಕೆರೆಗಳಿಗೆ ಬಿಡುವ ಕೆಲಸ 2018ರಲ್ಲಿ ಶುರುವಾಯಿತು. ಮೊದಲು ಇಟ್ಟುಕೊಂಡ ಗುರಿ ದಿನಕ್ಕೆ 44 ಕೋಟಿ ಲೀಟರ್ ನೀರು ಮತ್ತು 126 ಕೆರೆಗಳು. ಈ ನೀರು ಕುಡಿಯುವುದಕ್ಕಾಗಲಿ, ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸುವುದಕ್ಕಾಗಲಿ ಅಲ್ಲ. ನೆಲದೊಳಗೆ ಇಂಗಿ ಅಂತರ್ಜಲ ಹೆಚ್ಚಲಿ ಎಂಬುದೇ ಉದ್ದೇಶ. ನಾನು ಈ ಯೋಜನೆಯ ಪರವಾಗಿದ್ದೇನೆ. ಬತ್ತಿದ ಕೊಳವೆಬಾವಿಗಳ ನಡುವೆ ಬೇಸಾಯ ಮಾಡಿದವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ.

ನಾನು ತಪ್ಪದೆ ಓದುವ ಅಂಕಣಕಾರರೊಬ್ಬರು ಈ ಯೋಜನೆಯ ಕಡು ವಿರೋಧಿ. ಅವರ ವಾದದ ಸಾರ ಇಷ್ಟು: ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿಂದು ಮುಗಿಸುತ್ತವೆ, ಆದರೆ ಸಾರಜನಕ ಮತ್ತು ರಂಜಕದ ಅಂಶಗಳು ಬಹುಪಾಲು ಉಳಿದುಕೊಂಡು ಕೆರೆಯಲ್ಲಿ ಪಾಚಿಗೂ ಅಂತರಗಂಗೆ ಕಳೆಗೂ ಗೊಬ್ಬರವಾಗುತ್ತವೆ, ಭಾರಲೋಹಗಳೇನಾದರೂ ಬಂದರೆ ಅವು ನೀರಿನಲ್ಲಿ ತೇಲುತ್ತಾ ಇರುವುದಿಲ್ಲ, ತಳದ ಹೂಳಿನಲ್ಲಿ ಕೂರುತ್ತವೆ, ಆ ಹೂಳನ್ನೇ ಅಲ್ಲವೇ ನಾವು ಬೇಸಿಗೆಯಲ್ಲಿ ಕೆರೆಗೋಡು ಎಂದು ಟ್ರ್ಯಾಕ್ಟರುಗಳಲ್ಲಿ ತುಂಬಿ ಹೊಲಕ್ಕೆ ಹೊಡೆಸುವುದು? ಇದರಿಂದ ಅವರು ಯೋಜನೆಯನ್ನೇ ನಿಲ್ಲಿಸಬೇಕೆಂಬ ತೀರ್ಮಾನಕ್ಕೆ ಬರುತ್ತಾರೆ. ನಾನು ಬರುವುದಿಲ್ಲ, ಹೀಗೆ ಉಳಿದ ಅಂಶಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣಕ್ಕೆ ಹಣ ಹಾಕಬೇಕು, ಹೂಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಹೂಳಿನ ಪ್ರಶ್ನೆ ನನ್ನ ಕಡೆಯವರ ಯಾವ ಲೇಖನದಲ್ಲೂ ನನಗೆ ಸಿಕ್ಕಿರಲಿಲ್ಲ, ಸಿಗುವುದೂ ಕಷ್ಟ, ಏಕೆಂದರೆ ಕೊಳವೆಬಾವಿಯಲ್ಲಿ ನೀರು ಬಂತು ಎಂಬಲ್ಲಿಗೆ ಅವರ ಬರಹ ಮುಗಿದುಹೋಗುತ್ತದೆ. ಅದೇ ಪ್ರಶ್ನೆಯನ್ನು ನಾನು ಗ್ರಾಮಸಭೆಯಲ್ಲಿ ಎತ್ತಿದೆ. ಯೋಜನೆಯ ಪರ ಇರುವವನ ಬಾಯಲ್ಲಿ ಆ ಮಾತು ಬಂದದ್ದರಿಂದ ಅದಕ್ಕೆ ಸ್ವಲ್ಪ ಹೆಚ್ಚಿನ ತೂಕವೂ ಬಂತು.

ಈ ಅಂಕಣಕಾರರ ಮೇಲೆ ನನಗೆ ಭರವಸೆ ಹುಟ್ಟಿದ್ದಕ್ಕೆ ಇನ್ನೊಂದು ಕಾರಣವಿದೆ. ನೀರು ಬಿಟ್ಟ ಆರಂಭದಲ್ಲಿಯೇ ಕೆರೆಯಲ್ಲಿ ಬೆಳ್ಳನೆಯ ನೊರೆ ಎದ್ದಿತು, ಚಿತ್ರಗಳು ಎಲ್ಲೆಡೆ ಹರಿದಾಡಿದವು, ವಿಷಯ ಹೈಕೋರ್ಟಿಗೂ ಹೋಯಿತು. ಆಗ ಒಂದು ಕಡೆಯವರು ಅದನ್ನು ವಿಷವೆಂದರು, ಇನ್ನೊಂದು ಕಡೆಯವರು ರಾಜಕೀಯವೆಂದರು. ಇವರು ಮಾತ್ರ, ನೊರೆಯೊಂದನ್ನೇ ನೋಡಿ ನೀರು ವಿಷವೆಂದು ಹೇಳಲು ಬರುವುದಿಲ್ಲ, ಸಾಬೂನು ಪುಡಿಯ ಉಳಿಕೆ ಇರುವ ನೀರು ಎತ್ತರದಿಂದ ಧುಮುಕಿದರೂ ನೊರೆ ಬರುತ್ತದೆ, ಪ್ರಯೋಗಾಲಯದ ವರದಿಯನ್ನು ಕೇಳಿ ಎಂದು ಬರೆದರು. ತಮ್ಮ ವಾದಕ್ಕೆ ಪುಕ್ಕಟೆಯಾಗಿ ಸಿಕ್ಕ ಆಸರೆಯನ್ನು ಅದು ದುರ್ಬಲವೆಂಬ ಕಾರಣಕ್ಕೆ ಕೈಬಿಡುವವರು ಅಪರೂಪ. ವಿರೋಧಿಯನ್ನು ಅಳೆಯಲು ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ಕೋಲು ಇದೇ. ನನ್ನ ಕಡೆಯವರನ್ನೂ ಇದರಿಂದಲೇ ಅಳೆಯಲು ತೊಡಗಿದ ಮೇಲೆ ಕೆಲವರನ್ನು ಓದುವುದು ನಿಂತುಹೋಯಿತು ಎಂಬುದು ಬೇರೆ ಮಾತು.

ಒಪ್ಪಿಗೆಯಾಗದವರನ್ನು ಓದುವುದು ಹೊಸ ಕಾಲದ ಅಭ್ಯಾಸವೇನೂ ಅಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನಿ, ಖಾದಿ ಬಿಡದ ಗಾಂಧಿವಾದಿ, ಜೊತೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದವರು. ನಮ್ಮ ಮನೆಯ ಹಿರಿಯರು ದೇವರು ದಿಂಡರೆಂದರೆ ಪ್ರಾಣ ಬಿಡುವವರು. ಆ ಸಮಿತಿಯನ್ನು ಅವರು ಎಂದೂ ಒಪ್ಪಲಿಲ್ಲ, ಆದರೂ ನರಸಿಂಹಯ್ಯನವರ ಮಾತು ಪತ್ರಿಕೆಯಲ್ಲಿ ಬಂದರೆ ಪೂರ್ತಿ ಓದುತ್ತಿದ್ದರು. ಏಕೆಂದು ಕೇಳಿದರೆ, ಆ ಮನುಷ್ಯ ಪ್ರಶ್ನೆ ಕೇಳುತ್ತಾರೆ, ಬೈಯುವುದಿಲ್ಲ ಎನ್ನುತ್ತಿದ್ದರು.

ಓದಬಾರದವರೂ ಇದ್ದಾರೆ. ತಲೆಬರಹ ನೋಡಿದ ಕೂಡಲೇ ಕೊನೆಯ ಸಾಲನ್ನು ಊಹಿಸಬಹುದಾದವರು, ವಾದಕ್ಕಿಂತ ಮೊದಲು ಎದುರಾಳಿಯ ಜಾತಿಯನ್ನೋ ಪಕ್ಷವನ್ನೋ ಹುಡುಕುವವರು, ಹಳ್ಳಿಯವರಿಗೆ ತಮ್ಮ ಒಳಿತು ತಿಳಿಯದು ಎಂಬ ಧಾಟಿಯಲ್ಲಿ ಬರೆಯುವವರು ನನ್ನ ಸಮಯಕ್ಕೆ ಯೋಗ್ಯರಲ್ಲ. ಅಂಥವರನ್ನು ಓದಿದಾಗ ಬರುವ ಸಿಟ್ಟಿನಿಂದ ಏನನ್ನೂ ಕಲಿತಂತಾಗುವುದಿಲ್ಲ.

ತಾವು ಹೊಸದಾಗಿ ಆರಂಭಿಸುವುದಾದರೆ, ತಮಗೆ ಕೈಯಾರೆ ಗೊತ್ತಿರುವ ವಿಷಯದ ಬಗ್ಗೆ ಬರೆಯುವ ಒಬ್ಬ ವಿರೋಧಿಯನ್ನು ಮೊದಲು ಆರಿಸಿಕೊಳ್ಳಿ. ಅಲ್ಲಿ ಅವರು ಎಲ್ಲಿ ಸರಿ, ಎಲ್ಲಿ ಜಾರುತ್ತಾರೆ, ಎಲ್ಲಿ ಬೇಕೆಂದೇ ಮರೆಮಾಚುತ್ತಾರೆ ಎಂಬುದನ್ನು ತಾವೇ ಹಿಡಿಯಬಲ್ಲಿರಿ. ಕೆರೆ, ಕೊಳವೆಬಾವಿ, ನೀಲಗಿರಿ ತೋಪು, ಟೊಮೆಟೊ ಧಾರಣೆ ಇವುಗಳ ಬಗ್ಗೆ ನನಗೆ ಅದು ಸಾಧ್ಯ. ವಿದೇಶಾಂಗ ನೀತಿಯ ಬಗ್ಗೆ ನನಗೆ ಎದುರಾಗಿ ಬರೆಯುವವರನ್ನು ನಾನು ಓದುವುದಿಲ್ಲ. ಅವರು ಜಾಣತನದಿಂದ ಸುಳ್ಳು ಹೇಳಿದರೆ ಕಂಡುಹಿಡಿಯುವಷ್ಟು ತಿಳಿವಳಿಕೆ ನನಗಿಲ್ಲ.