ಸಣ್ಣ ಊರಿನ ‘ಕೋಜಿ ಮಿಸ್ಟರಿ’ ಕಾದಂಬರಿಗಳಲ್ಲಿ ಪತ್ತೇದಾರಿಕೆ ಅಂಗಡಿಯ ಸುತ್ತಲೇ ಏಕೆ ನಡೆಯುತ್ತದೆ?

ರಕ್ತಪಾತದ ವಿವರಗಳನ್ನು ದೂರವಿಟ್ಟು, ಪೊಲೀಸರಲ್ಲದ ಸಾಮಾನ್ಯರ ಕೈಗೆ ತನಿಖೆಯನ್ನು ಒಪ್ಪಿಸುವ ಈ ಪ್ರಕಾರದಲ್ಲಿ, ಯಾರನ್ನೂ ವಿಚಾರಣೆಗೆ ಕರೆಯುವ ಅಧಿಕಾರವಿಲ್ಲದ ನಾಯಕಿಗೆ ಊರಿನ ಮಾತೆಲ್ಲ ತಾನಾಗಿಯೇ ಬಂದು ಸೇರುವ ಜಾಗವೊಂದು ಬೇಕಾಗುತ್ತದೆ. ಅಂಗಡಿ ಅಂಥ ಜಾಗ. 2000ರಲ್ಲಿ ಪ್ರಕಟವಾದ ಜೋಆನ್ ಫ್ಲೂಕ್ ಅವರ ‘ಚಾಕೊಲೇಟ್ ಚಿಪ್ ಕುಕಿ ಮರ್ಡರ್’ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಮಿನೆಸೋಟ ರಾಜ್ಯದ ಲೇಕ್ ಈಡನ್ ಎಂಬ ಕಲ್ಪಿತ ಊರಿನಲ್ಲಿ ಬೇಕರಿ ನಡೆಸುವ ಹ್ಯಾನಾ ಸ್ವೆನ್ಸನ್, ಹಾಲು ತಂದುಕೊಡುವವನು ತನ್ನ ಅಂಗಡಿಯ ಹಿಂಬದಿಯಲ್ಲೇ ಗುಂಡೇಟಿಗೆ ಬಲಿಯಾಗಿರುವುದನ್ನೂ, ತಾನೇ ಮಾಡಿದ ಕುಕಿಗಳು ಅವನ ಸುತ್ತ ಚೆಲ್ಲಿರುವುದನ್ನೂ ಕಾಣುತ್ತಾಳೆ. ಕಾಫಿಗೆಂದು ಬರುವ ಗಿರಾಕಿಗಳ ಹರಟೆಗೆ ಕಿವಿಗೊಡುವುದು ಅವಳ ನಿತ್ಯದ ಕೆಲಸದ ಭಾಗವೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕಥೆಯ ನಡುವೆ ಕುಕಿ ಮಾಡುವ ವಿಧಾನಗಳನ್ನೂ ಕೊಟ್ಟಿದ್ದಾರೆ. ಅವು ಬರೀ ಅಲಂಕಾರವೆಂದು ನನಗನಿಸಿಲ್ಲ, ಹ್ಯಾನಾಳ ಕಸುಬನ್ನು ನಾನು ಪೂರ್ತಿಯಾಗಿ ನಂಬಿದ್ದು ಅವುಗಳಿಂದಲೇ.