ಸಾಲ ತರುವವರು ಯಾರು, ತೀರಿಸುವವರು ಯಾರು?

ನಗರ ಸಾರಿಗೆಯಲ್ಲಿ ಖಾಸಗಿ ಬಂಡವಾಳದ ಪಾತ್ರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ಅಚ್ಚುಕಟ್ಟಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಎರಡನೆಯ ಪ್ಯಾರಾದ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು. ಅವು ಹಾಗೆಯೇ ಇರುವಾಗ ಲೇಖನವನ್ನು ಪ್ರಕಟಿಸಲಾರೆ.

ಮೊದಲನೆಯದು, ‘ಖಾಸಗಿಯವರೇ ಹಣ ಹಾಕುವುದರಿಂದ ಜನರ ಮೇಲೆ ಹೊರೆ ಬೀಳುವುದಿಲ್ಲ.’ ಇಂಥ ಯೋಜನೆಗಳಲ್ಲಿ ಕಂಪನಿ ಹಾಕುವ ಹಣದ ದೊಡ್ಡ ಪಾಲು ಸಾಮಾನ್ಯವಾಗಿ ಬ್ಯಾಂಕುಗಳಿಂದ ತಂದ ಸಾಲ. ಅದು ಬಡ್ಡಿ, ಲಾಭಗಳ ಸಮೇತ ತೀರಬೇಕಾದದ್ದು ಪ್ರಯಾಣಿಕರ ಟಿಕೆಟ್ ಹಣದಿಂದ, ತೆರಿಗೆಯಿಂದ, ಇಲ್ಲವೇ ನಿಲ್ದಾಣದ ಸುತ್ತಲಿನ ಜಮೀನಿನ ಆದಾಯದಿಂದ. ಹಾಂಗ್‌ಕಾಂಗ್‌ನ ಮೆಟ್ರೋ ರೈಲು ಕಂಪನಿ ಎಂಟಿಆರ್ ಈ ಕೊನೆಯ ದಾರಿಯನ್ನು ಹಿಡಿದು ಗೆದ್ದಿತು ನಿಜ. ಆದರೆ ನಿಲ್ದಾಣಗಳ ಮೇಲೂ ಪಕ್ಕದಲ್ಲೂ ಕಟ್ಟಡ ಕಟ್ಟುವ ಹಕ್ಕನ್ನು ಅದಕ್ಕೆ ಕೊಟ್ಟದ್ದು ಸರ್ಕಾರ. ಸಾಲ ತರುವವರೇ ಬೇರೆ, ತೀರಿಸುವವರೇ ಬೇರೆ ಎಂಬುದು ನಿಮ್ಮ ವಾಕ್ಯದಲ್ಲಿ ಮುಚ್ಚಿಹೋಗಿದೆ.

ಎರಡನೆಯದು, ‘ನಷ್ಟದ ಅಪಾಯವೂ ಖಾಸಗಿಯವರಿಗೆ ವರ್ಗಾವಣೆಯಾಗುತ್ತದೆ.’ ಯಾವ ಅಪಾಯ, ಎಷ್ಟರ ಮಟ್ಟಿಗೆ? ಲಂಡನ್ ಸುರಂಗ ರೈಲಿನ ನವೀಕರಣ, ನಿರ್ವಹಣೆಗಳಲ್ಲಿ ದೊಡ್ಡ ಪಾಲನ್ನು 2003ರಲ್ಲಿ ವಹಿಸಿಕೊಂಡ ಮೆಟ್ರೋನೆಟ್ ಎಂಬ ಖಾಸಗಿ ಕೂಟ 2007ರಲ್ಲಿ ಕುಸಿಯಿತು. ಅದರ ಸಾಲದ ಶೇ. 95ರಷ್ಟಕ್ಕೆ ಸಾರ್ವಜನಿಕ ಖಾತರಿ ಇದ್ದದ್ದರಿಂದ, ಸಾಲ ಕೊಟ್ಟವರ ಬಾಕಿ ತೀರಿಸಲು ಬ್ರಿಟನ್ ಸರ್ಕಾರ ಸುಮಾರು 170 ಕೋಟಿ ಪೌಂಡ್ ಕೊಡಬೇಕಾಯಿತು. ದೆಹಲಿಯ ವಿಮಾನ ನಿಲ್ದಾಣ ಮೆಟ್ರೋ ಮಾರ್ಗದಿಂದ 2013ರಲ್ಲಿ ಖಾಸಗಿ ಕಂಪನಿ ಹೊರನಡೆದಾಗ ರೈಲು ಓಡಿಸುವ ಹೊಣೆ ಸರ್ಕಾರಿ ಒಡೆತನದ ದೆಹಲಿ ಮೆಟ್ರೋ ನಿಗಮದ ಹೆಗಲಿಗೇರಿತು. ಕಂಪನಿ ಕೈಬಿಟ್ಟಿತೆಂದು ಜನರ ಓಡಾಟ ನಿಲ್ಲುವುದಿಲ್ಲ. ಆದ್ದರಿಂದಲೇ ಕೊನೆಯ ಅಪಾಯ ಯಾವ ಕರಾರಿನಿಂದಲೂ ಪೂರ್ತಿ ಕೈಬದಲಾಗುವುದಿಲ್ಲ.

ನಾನು ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ನಮ್ಮ ಹಿರಿಯರೊಬ್ಬರು ಇಂಥ ವಾಕ್ಯ ಕಂಡೊಡನೆ ಅಂಚಿನಲ್ಲಿ ‘ಯಾರ ದುಡ್ಡು?’ ಎಂದು ಕೆಂಪು ಶಾಯಿಯಲ್ಲಿ ಬರೆದು ಪ್ರತಿಯನ್ನು ಹಿಂದಿರುಗಿಸುತ್ತಿದ್ದರು. ಕರಾರು ಪತ್ರ ಸಿಕ್ಕರೆ ಮುನ್ನುಡಿಯನ್ನು ಬಿಟ್ಟು ಹಿಂದಿನ ಅನುಬಂಧಗಳನ್ನು ತೆರೆಸುತ್ತಿದ್ದರು. ಒಪ್ಪಂದ ನಡುವೆ ಮುರಿದರೆ ಕಂಪನಿಗೆ ಎಷ್ಟು ಪರಿಹಾರ, ಅಂದಾಜಿಸಿದಷ್ಟು ಪ್ರಯಾಣಿಕರು ಬಾರದಿದ್ದರೆ ಕೊರತೆ ತುಂಬುವವರು ಯಾರು ಎಂಬುದನ್ನು ಅಲ್ಲಿ ಹುಡುಕಲು ಅವರಿಂದಲೇ ಕಲಿತೆ.

ಖಾಸಗಿ ಹೂಡಿಕೆಯನ್ನು ವಿರೋಧಿಸಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ನಿಲುವು ನಿಮ್ಮದೇ ಆಗಿರಲಿ. ಯಾವುದಾದರೂ ಒಂದು ಯೋಜನೆಯನ್ನು ಆರಿಸಿಕೊಂಡು, ಅದರ ಕರಾರಿನ ರದ್ದತಿ ಷರತ್ತನ್ನೂ ಪರಿಹಾರದ ಲೆಕ್ಕವನ್ನೂ ಓದಿ, ಆ ಪ್ಯಾರಾವನ್ನು ಹೊಸದಾಗಿ ಬರೆದು ಕಳುಹಿಸಿ. ನಾನೇ ಓದುತ್ತೇನೆ.